ಕಿಟಕಿ ತೊಳೆಯುವವನ ಭೃತಿ

ಈ ಪುಟಗಳಲ್ಲಿ ನಾವು ತಿಂಗಳು ತಿಂಗಳೂ ಮನೆಯೊಳಗಣ ಲೆಕ್ಕಗಳನ್ನೇ ವಿಚಾರಿಸುತ್ತ ಬಂದಿರುವೆವೆಂಬುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ ಆಗಿದೆ. ಈ ತಿಂಗಳು ಮನೆಯ ಹೊರಗಿನಿಂದ ಬಂದು, ನಮ್ಮ ಬಾಗಿಲಲ್ಲಿ ನಿಂತು, "ಎಷ್ಟು ಕೊಡುತ್ತೀರಿ?" ಎಂದು ಕೇಳುವವನ ಲೆಕ್ಕವನ್ನು ನೋಡಬೇಕೆಂದಿದ್ದೇವೆ. ಇದಕ್ಕೆ ಕಾರಣವಾದ ಸಂಗತಿಯಲ್ಲಿ ನಮ್ಮದೇ ಒಂದು ತಪ್ಪು ಸೇರಿಕೊಂಡಿದೆ. ಪರರಿಗೆ ಬುದ್ಧಿ ಹೇಳಹೊರಟವನು ತನ್ನ ತಪ್ಪನ್ನು ಬಚ್ಚಿಟ್ಟುಕೊಳ್ಳುವುದು ಸರಿಯಲ್ಲವಾದುದರಿಂದ, ಅದನ್ನೇ ಮೊದಲು ಅರಿಕೆಮಾಡಿಕೊಳ್ಳುತ್ತೇವೆ.

ನಾವು ವಾಸವಾಗಿರುವುದು ಕಾಟನ್‌ಪೇಟೆಯಲ್ಲಿ. ಚೈತ್ರ ಪೂರ್ಣಿಮೆಯ ರಾತ್ರಿ ಕರಗವು ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬರುವಾಗ ಜನ ಕಿಕ್ಕಿರಿಯುವ ಬೀದಿಗೆ ನಮ್ಮ ಮನೆ ದೂರವಲ್ಲ. ನಮ್ಮ ತೀರ್ಥರೂಪರ ಕಾಲದ ಮನೆಯಲ್ಲಿ ಕಿಟಕಿಗಳಿದ್ದುವು, ಗಾಜಿರಲಿಲ್ಲ. ದಪ್ಪನೆಯ ಮರದ ಚೌಕಟ್ಟು, ನಡುವೆ ಕಬ್ಬಿಣದ ಸರಳುಗಳು, ಒಳಗಡೆ ಎರಡು ಮರದ ಬಾಗಿಲು. ಯುಗಾದಿಯ ಹಿಂದಿನ ವಾರ ಒಂದು ಒದ್ದೆಬಟ್ಟೆಯಲ್ಲಿ ಒರೆಸಿದರೆ ವರ್ಷದ ಕೆಲಸ ಮುಗಿಯುತ್ತಿತ್ತು. ಸಂಸ್ಕೃತದಲ್ಲಿ ಕಿಟಕಿಗೆ ವಾತಾಯನವೆಂದೂ ಗವಾಕ್ಷವೆಂದೂ ಹೆಸರು. ಒಂದು ಗಾಳಿಯ ದಾರಿ, ಮತ್ತೊಂದು ಹಸುವಿನ ಕಣ್ಣು. ಕನ್ನಡದ ಬೆಳಕಿಂಡಿಯೆಂಬ ಮಾತು ಇವೆರಡಕ್ಕಿಂತಲೂ ನೇರವಾದುದು. ಈ ಮೂರು ಹೆಸರುಗಳಲ್ಲಿಯೂ ಗಾಜಿನ ಸುಳಿವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದ ತರುವಾಯ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿಬೆಳಕಿಗೆ ಎಡೆಗೊಟ್ಟು ಮನೆ ಕಟ್ಟುವ ಪದ್ಧತಿ ಬಲವಾಯಿತು. ಪೇಟೆಯ ಇಕ್ಕಟ್ಟಿಗೆ ಅದು ತಡವಾಗಿ ಬಂದಿತು. ಬಂದುದು ಮಾತ್ರ ಗಾಜಿನ ರೂಪದಲ್ಲಿ ಬಂದಿತು. ಈಗ ಅಂಗಡಿಗಳ ಮುಂಭಾಗವೆಲ್ಲ ಗಾಜು, ವಸತಿಗೃಹಗಳ ಮುಂಭಾಗವೂ ಗಾಜು. ೧೮೮೪ರಲ್ಲಿ ಆರಂಭವಾಗಿ, ಈ ಸುತ್ತಿನ ಸಾವಿರಾರು ಸಂಸಾರಗಳಿಗೆ ಅನ್ನವಿಟ್ಟ ಬಿನ್ನಿ ಮಿಲ್ಲಿನ ನೆಲದಲ್ಲಿ ಬಹುಮಹಡಿಯ ಮನೆಗಳೆದ್ದಿವೆ; ಅಲ್ಲಿಯ ಒಂದೊಂದು ಗೋಡೆಯೂ ಅರ್ಧ ಗಾಜೇ. ನಾವೂ ಹಳೆಯ ಮನೆಯನ್ನು ಕೆಡವಿ ಎರಡು ಮಹಡಿ ಏರಿಸಿ, ಇಪ್ಪತ್ತು ಗಾಜಿನ ಕಿಟಕಿಗಳನ್ನು ಇಡಿಸಿದೆವು. ಗಾಜಿಟ್ಟವನು ಧೂಳಿಗೂ ಸಿದ್ಧನಾಗಿರಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮುಖ್ಯರಸ್ತೆಯನ್ನು ಅಗೆದು ಹೊಸದಾಗಿ ಮಾಡಿದ ದಿನಗಳಲ್ಲಿ, ಬೆಳಗ್ಗೆ ಒರೆಸಿದ ಗಾಜಿನ ಮೇಲೆ ಸಂಜೆಗೆ ಬೆರಳಿನಿಂದ ಅಕ್ಷರ ಬರೆಯಬಹುದಾಗಿತ್ತು.

ಇಂಥ ಪೇಟೆಯಲ್ಲಿ ಗಾಜು ತೊಳೆಯುವುದೇ ಒಂದು ಕಸುಬಾದುದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲಿ ಮೂರು ವರ್ಷ ಸಂಸ್ಕೃತ ಓದಿದ ಹಳೆಯ ಶಿಷ್ಯನೊಬ್ಬನು ಒಂದು ವಸತಿಗೃಹದಲ್ಲಿ ಕೋಣೆಗಳನ್ನು ಚೊಕ್ಕಟಮಾಡುವ ಕೆಲಸದಲ್ಲಿದ್ದವನು, ಅದನ್ನು ಬಿಟ್ಟು, ಹೆಂಡತಿಯ ಎರಡು ಬಳೆಗಳನ್ನು ಅಡವಿಟ್ಟು, ಹಳೆಯ ಸ್ಕೂಟರೊಂದನ್ನೂ ಅಲ್ಯುಮಿನಿಯಮ್ ಏಣಿಯೊಂದನ್ನೂ ಬಕೆಟ್ಟು ವೈಪರುಗಳನ್ನೂ ಕೊಂಡು, ಅಕ್ಕನ ಮಗನನ್ನು ಜೊತೆಗೆ ಹಾಕಿಕೊಂಡು, ಈ ಉದ್ಯೋಗಕ್ಕೆ ಇಳಿದನು. ಹುಡುಗನಿಗೆ ಹತ್ತೊಂಬತ್ತು ವರ್ಷ. ಹೋದ ದೀಪಾವಳಿಯ ಹಿಂದಿನ ವಾರ ಇಬ್ಬರೂ ನಮ್ಮ ಮನೆಗೆ ಬಂದರು.

"ಇಪ್ಪತ್ತು ಕಿಟಕಿ, ಮೇಷ್ಟ್ರೇ. ಒಂದಕ್ಕೆ ಮೂವತ್ತೈದರ ಹಾಗೆ ಏಳುನೂರು ಆಗುತ್ತೆ" ಎಂದನು.

"ಐನೂರು ಮಾಡಿಕೋಪ್ಪಾ" ಎಂದೆವು. ಏತಕ್ಕೆ ಹಾಗೆಂದೆವೆಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಹೇಳಿದ ದರವನ್ನು ಇಳಿಸಿ ಕೇಳುವುದು ಗೃಹಸ್ಥನ ಜಾಣತನವೆಂದು ಬಾಲ್ಯದಿಂದ ನೋಡಿದ್ದುದರ ಫಲ, ಅಷ್ಟೆ. ಅವನು ಏಣಿಯ ಕಾಲನ್ನು ಸ್ವಲ್ಪ ಹೊತ್ತು ನೋಡಿ, "ತಮ್ಮ ಮನೆ ತಾನೆ, ಹಾಗೇ ಆಗಲಿ" ಎಂದನು. ಒಳಗೆ ಹೋಗಿ ಇನ್ನೂರು ರೂಪಾಯಿ ಉಳಿಸಿದ ವಾರ್ತೆಯನ್ನು ಮನೆಯವರಿಗೆ ತಿಳಿಸಿದೆವು. ಅವರು ಒಲೆಯ ಕಡೆಯಿಂದ ತಿರುಗದೆಯೇ, "ಮೊನ್ನೆ ಮೊಮ್ಮಗನ ಹುಟ್ಟುಹಬ್ಬದ ಕೇಕಿಗೆ ಬೇಕರಿಯವನು ಒಂಬೈನೂರು ಅಂದಾಗ ತುಟಿ ಬಿಚ್ಚಲಿಲ್ಲವಲ್ಲ" ಎಂದರು. ನಾವು ಕೇಳಿಸದವರಂತೆ ಹೊರಗೆ ಬಂದೆವು.

ಬೆಳಗ್ಗೆ ಒಂಬತ್ತಕ್ಕೆ ಆರಂಭವಾದ ಕೆಲಸ ಮಧ್ಯಾಹ್ನ ಮೂರಾದರೂ ಮುಗಿದಿರಲಿಲ್ಲ. ಹದಿನಾಲ್ಕು ಕಿಟಕಿಗಳಿಗೆ ಹೊರಗಡೆ ಕಬ್ಬಿಣದ ಗ್ರಿಲ್ಲು. ಸರಳುಗಳ ನಡುವೆ ಕೈ ತೂರಿಸಿ ಒಂದೊಂದು ಗೇಣನ್ನೂ ಒರೆಸಬೇಕು. ಹತ್ತಕ್ಕೆ ಸೊಳ್ಳೆಬಲೆ, ಅದನ್ನು ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕೂರಿಸಬೇಕು. ಕೊನೆಯ ಎರಡು ಕಿಟಕಿ ಉಳಿದಿರುವಾಗ, ಮೇಲಿನ ಮಹಡಿಯ ಸಜ್ಜದ ಮೇಲೆ ನಿಂತಿದ್ದ ಹುಡುಗನ ಕಾಲು ಸೋಪಿನ ನೀರಿನಲ್ಲಿ ಜಾರಿತು. ದೈವವಶಾತ್ ಕೆಳಗಿನ ಬಾಲ್ಕನಿಯ ಮೇಲೆ ಬಿದ್ದನು, ಬೀದಿಗೆ ಬೀಳಲಿಲ್ಲ. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಹಿಟ್ಟಿನ ಕಟ್ಟು ಹಾಕಿಸಿಕೊಂಡು ಬಂದೆವು. ಖರ್ಚು ನಾವೇ ಕೊಟ್ಟೆವು. ಅದನ್ನು ಔದಾರ್ಯವೆಂದು ಯಾರೂ ಎಣಿಸಬಾರದು.

ಮರಳಿ ಬರುವಾಗ ಆಟೋದಲ್ಲಿ, "ಸೊಂಟಕ್ಕೆ ಕಟ್ಟುವ ಬೆಲ್ಟು ಇಲ್ಲವೇನಪ್ಪಾ?" ಎಂದು ಕೇಳಿದೆವು.

"ಬರುವ ತಿಂಗಳು ತೆಗೆದುಕೊಳ್ಳೋಣ ಅಂತಿದ್ದೆ, ಮೇಷ್ಟ್ರೇ. ಮೂರು ತಿಂಗಳಿಂದ ಬರುವ ತಿಂಗಳು ಬರುವ ತಿಂಗಳು ಅಂತಲೇ ಇದ್ದೀನಿ."

ಕೆಲಸಕ್ಕೆ ಬರಗಾಲವಿದ್ದವನು ಈ ಮಾತನ್ನಾಡಿದ್ದರೆ ನಮಗೆ ಅರ್ಥವಾಗುತ್ತಿತ್ತು. ಇವನಿಗಾದರೋ ಹಬ್ಬಕ್ಕೆ ಮುಂಚೆ ಒಂದು ದಿನವೂ ಬಿಡುವಿರಲಿಲ್ಲ. ಕೈತುಂಬ ಕೆಲಸ, ಆದರೆ ಬೆಲ್ಟು ಕೊಳ್ಳಲು ಹಣವಿಲ್ಲ. ಬಳೆಗಳು ಇನ್ನೂ ಅಡವಿನಲ್ಲಿಯೇ ಇವೆ. ಇದರ ಗುಟ್ಟೇನೆಂದು ಆ ವಾರವೆಲ್ಲ ಯೋಚಿಸಿ, ಮುಂದಿನ ಭಾನುವಾರ ಅವನನ್ನು ಕರೆಸಿ, ಹಳೆಯ ನೋಟ್‌ಬುಕ್ಕೊಂದನ್ನು ಹಿಡಿದು ಇಬ್ಬರೂ ಜಗುಲಿಯ ಮೇಲೆ ಕುಳಿತೆವು. ಲೆಕ್ಕವು ನಮ್ಮ ವಿಷಯವಲ್ಲ. ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರು ನಾವು. ಆದರೂ ಕೂಡುವುದು ಕಳೆಯುವುದು ಬಂದರೆ ಈ ಲೆಕ್ಕಕ್ಕೆ ಸಾಕು.

ಮೊದಲು ತಿಂಗಳ ವೆಚ್ಚ. ಹುಡುಗನ ಸಂಬಳ ೧೮,೦೦೦ ರೂಪಾಯಿ. ಪೆಟ್ರೋಲು ಮತ್ತು ಸ್ಕೂಟರಿನ ರಿಪೇರಿ ೩,೦೦೦. ಸೋಪು, ಬಟ್ಟೆ, ವೈಪರಿನ ರಬ್ಬರು ಮುಂತಾದುವಕ್ಕೆ ೨,೦೦೦. ಏಣಿ, ಬೆಲ್ಟು, ಫೋನು, ಕಾಯಿಲೆ ಕಸಾಲೆಗಳಿಗೆ ಎತ್ತಿಡಬೇಕಾದದ್ದು ೩,೦೦೦. ಇವನ ಸಂಸಾರದ ಬಾಡಿಗೆ, ಅಕ್ಕಿಬೇಳೆ, ಮಗುವಿನ ಶಾಲೆ, ಎಷ್ಟು ಬಿಗಿಹಿಡಿದರೂ ೨೨,೦೦೦. ಒಟ್ಟು ೪೮,೦೦೦ ರೂಪಾಯಿ.

ಇನ್ನು ಕಾಲ. ತಿಂಗಳಿಗೆ ಇಪ್ಪತ್ತೈದು ದಿನ, ದಿನಕ್ಕೆ ಎಂಟು ಗಂಟೆ ದುಡಿಯುತ್ತೇನೆಂದು ಅವನ ಎಣಿಕೆ. "ಎಂಟು ಗಂಟೆಯೂ ಗಾಜಿನ ಮುಂದೆ ನಿಂತಿರುತ್ತೀಯಾ?" ಎಂದು ಕೇಳಿದುದಕ್ಕೆ ಯೋಚನೆಗೆ ಬಿದ್ದನು. ಮಲ್ಲೇಶ್ವರದಿಂದ ಚಾಮರಾಜಪೇಟೆಗೆ ಹೋಗುವ ಹೊತ್ತು, ಕೆಲಸ ನೋಡಿ ದರ ಹೇಳಿಬರುವ ಹೊತ್ತು, ಕಾವಲುಗಾರನ ಮುಂದೆ ಕಾಯುವ ಹೊತ್ತು, ನೀರು ಹೊರುವ ಹೊತ್ತು, ರಾತ್ರಿ ಬಟ್ಟೆಗಳನ್ನು ಒಗೆಯುವ ಹೊತ್ತು, ಇವನ್ನೆಲ್ಲ ಕಳೆದರೆ ಗಾಜಿನ ಮುಂದೆ ನಿಲ್ಲುವುದು ದಿನಕ್ಕೆ ನಾಲ್ಕು ಗಂಟೆ. ತಿಂಗಳಿಗೆ ನೂರು ಗಂಟೆ. ೪೮,೦೦೦ವನ್ನು ನೂರರಿಂದ ಭಾಗಿಸಿದರೆ, ಗಾಜಿನ ಮುಂದಿನ ಒಂದೊಂದು ಗಂಟೆಯೂ ಅವರಿಬ್ಬರಿಗೆ ೪೮೦ ರೂಪಾಯಿ ತರಬೇಕು.

ತರುತ್ತಿದ್ದುದೆಷ್ಟು? ಗ್ರಿಲ್ಲಿಲ್ಲದ ಸರಳ ಕಿಟಕಿಯಾದರೆ ಇಬ್ಬರು ಸೇರಿ ಗಂಟೆಗೆ ಎಂಟನ್ನು ಒಳಹೊರಗೆ ಮುಗಿಸುತ್ತಾರೆ. ಮೂವತ್ತೈದರಂತೆ ೨೮೦ ರೂಪಾಯಿ, ತಿಂಗಳಿಗೆ ೨೮,೦೦೦. ಅದರಲ್ಲಿ ಹುಡುಗನ ಸಂಬಳ, ಪೆಟ್ರೋಲು, ಸಾಮಾನು ಕಳೆದರೆ ಇವನ ಮನೆಗೆ ಉಳಿಯುವುದು ೫,೦೦೦. ಎತ್ತಿಡಬೇಕಾದ ಹಣವೆಲ್ಲಿ? ಸಂಸಾರಕ್ಕೆಲ್ಲಿ? ಗ್ರಿಲ್ಲಿರುವ ಕಿಟಕಿಗಳಾದರೆ ಗಂಟೆಗೆ ನಾಲ್ಕೇ ಆಗುತ್ತವೆ. ಆಗ ಉಳಿಯುವುದು ಬರಿಯ ಸಾಲ. ಕೆಲಸ ಹೆಚ್ಚಿದಷ್ಟೂ ನಷ್ಟ ಹೆಚ್ಚುವ ವಿಚಿತ್ರ ವ್ಯಾಪಾರವಿದು. ನೋಟ್‌ಬುಕ್ಕನ್ನು ಅವನು ಬಹಳ ಹೊತ್ತು ನೋಡಿದನು. "ಅಕ್ಕಪಕ್ಕದವರು ಎಷ್ಟು ಹೇಳ್ತಾರೋ ಅದಕ್ಕಿಂತ ಐದು ಕಮ್ಮಿ ಹೇಳ್ತಿದ್ದೆ, ಮೇಷ್ಟ್ರೇ. ಇದನ್ನ ಕೂಡಿ ನೋಡಿರಲಿಲ್ಲ" ಎಂದನು.

ಸಂಸ್ಕೃತದಲ್ಲಿ ಕೂಲಿಗೆ ಭೃತಿಯೆಂದು ಹೆಸರು. ಇದು ಭೃ ಎಂಬ ಧಾತುವಿನಿಂದ ಹುಟ್ಟಿದ ಮಾತು. ಹೊರು, ಪೋಷಿಸು ಎಂದು ಆ ಧಾತುವಿನ ಅರ್ಥ. ಭರಣ, ಭಾರ, ಭಾರ್ಯೆ, ಭೃತ್ಯ ಎಲ್ಲವೂ ಅದರ ಸಂತಾನವೇ. ಯಾವುದು ದುಡಿಯುವವನನ್ನೂ ಅವನನ್ನು ನಂಬಿದವರನ್ನೂ ಹೊತ್ತು ನಿಲ್ಲಿಸುವುದೋ ಅದು ಭೃತಿ. ಹೊರಲಾರದ ಕೂಲಿಗೆ ಆ ಹೆಸರು ಸಲ್ಲದು. ಈ ವ್ಯುತ್ಪತ್ತಿಯನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವರು ನಾವೇ. ಬಾಗಿಲಲ್ಲಿ ನಿಂತ ಶಿಷ್ಯನು ಏಳುನೂರೆಂದಾಗ ಅದು ನೆನಪಿಗೆ ಬರಲಿಲ್ಲ.

ಅದಂತಿರಲಿ. ದರವನ್ನು ಗೊತ್ತುಮಾಡುವುದು ಹೇಗೆಂಬ ವಿಚಾರಕ್ಕೆ ಬರೋಣ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದುದು ನಮ್ಮ ನಾಡಿನ ಹೆಮ್ಮೆ. ಆ ಗ್ರಂಥದಲ್ಲಿ ರಾಜ್ಯಭಾರ, ಯುದ್ಧಗಳ ಮಾತೇ ಇದೆಯೆಂದು ಅನೇಕರ ಭಾವನೆ. ಕುಶಲಕೆಲಸದವರ ವಿಚಾರಕ್ಕೆ ಮೀಸಲಾದ ಅಧ್ಯಾಯವೂ ಅದರಲ್ಲಿದೆ. ಗಾಜು ತೊಳೆಯುವವನು ಅಂದಿಗೆ ಇರಲಿಲ್ಲ. ಅವನಿಗೆ ಹತ್ತಿರದ ಬಂಧು ಬಟ್ಟೆ ತೊಳೆಯುವ ರಜಕ. ಅವನು ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆ ಮಾತ್ರ ಒಗೆಯಬೇಕು. ಬೇರೆಡೆ ಒಗೆದು ಬಟ್ಟೆ ಕೆಟ್ಟರೆ ನಷ್ಟ ತುಂಬಿ ದಂಡ ತೆರಬೇಕು. ಕೂಲಿಯಾದರೋ ಮೂರು ತರ: ಉತ್ತಮ ವಸ್ತ್ರಕ್ಕೆ ಒಂದು ಪಣ, ಮಧ್ಯಮಕ್ಕೆ ಅರ್ಧ, ಕೆಳಗಿನದಕ್ಕೆ ಕಾಲು. ಒಪ್ಪಿದ ಕಾಲ ಮೀರಿದರೆ ಕೂಲಿಯಲ್ಲಿ ಕಡಿತ. ಕೆಲಸ ಹೇಗೆ ಆಗಬೇಕು, ಯಾವುದಕ್ಕೆ ಎಷ್ಟು, ತಪ್ಪಿದರೆ ಏನು ಎಂಬ ಮೂರನ್ನೂ ಮೊದಲೇ ಹೇಳಿಟ್ಟ ಪದ್ಧತಿ ಇದು. ಇಂದಿಗೂ ಇದಕ್ಕಿಂತ ಬೇರೆಯೇನೂ ಬೇಕಾಗಿಲ್ಲ.

ನಮ್ಮ ಶಿಷ್ಯನ ದೊಡ್ಡ ತಪ್ಪು ಎಲ್ಲ ಕಿಟಕಿಗೂ ಒಂದೇ ದರ ಹೇಳಿದುದು. ಎಣಿಕೆಯೊಂದನ್ನೇ ಹಿಡಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ದೃಷ್ಟಾಂತವುಂಟು. ಅಲ್ಲಿ ೧೬೯೬ರಿಂದ ೧೮೫೧ರವರೆಗೆ ಮನೆಯ ಕಿಟಕಿಗಳನ್ನು ಎಣಿಸಿ ಕರ ಹಾಕುತ್ತಿದ್ದರು. ಜನರು ಕಿಟಕಿಗಳಿಗೆ ಇಟ್ಟಿಗೆ ಇಟ್ಟು ಮುಚ್ಚಿ ಕರವನ್ನು ತಪ್ಪಿಸಿಕೊಂಡರು. ಎಣಿಸುವವನು ಏನನ್ನು ಎಣಿಸುತ್ತಾನೋ, ಎದುರಿನವನು ಅದನ್ನೇ ಅನುಕೂಲಕ್ಕೆ ತಿರುಗಿಸಿಕೊಳ್ಳುವುದು ಲೋಕರೂಢಿ. ನಾವೂ ಗ್ರಿಲ್ಲಿನ ಕಿಟಕಿಗಳನ್ನು ಸರಳ ಕಿಟಕಿಯ ದರಕ್ಕೆ ತೊಳೆಯಿಸಿಕೊಂಡವರೇ ಅಲ್ಲವೆ?

ಆದಕಾರಣ ಜಗುಲಿಯ ಮೇಲೆ ಕುಳಿತು ಹೊಸ ಪಟ್ಟಿಯೊಂದನ್ನು ಬರೆದೆವು. ಸರಳ ಕಿಟಕಿ, ಎರಡು ಮೈ, ಚೌಕಟ್ಟು ಸಹಿತ ೬೫ ರೂಪಾಯಿ. ಗ್ರಿಲ್ಲಿದ್ದರೆ ೧೩೦. ಸೊಳ್ಳೆಬಲೆ ಬಿಚ್ಚಿ ತೊಳೆಯುವುದಕ್ಕೆ ೩೦. ಗಂಟೆಗೆ ಎಂಟು ಸರಳ ಕಿಟಕಿಯಾದರೂ ನಾಲ್ಕು ಗ್ರಿಲ್ಲಿನ ಕಿಟಕಿಯಾದರೂ ೫೨೦ ರೂಪಾಯಿಯೇ ಬರುವುದನ್ನು ವಾಚಕರು ಕೂಡಿ ನೋಡಬಹುದು. ಬೇಕಾದ ೪೮೦ರ ಮೇಲಣ ನಲವತ್ತು ಮಳೆಯ ದಿನಗಳಿಗೂ ಆಷಾಢದ ಬಿಡುವಿಗೂ ಆಸರೆ. ಎರಡೇ ಕಿಟಕಿಗೆ ಕರೆದರೂ ಬರಹೋಗುವ ಪೆಟ್ರೋಲು ಒಂದೇ ಆದುದರಿಂದ, ಒಂದು ಸಲ ಬಂದುದಕ್ಕೆ ೬೦೦ ರೂಪಾಯಿಗೆ ಕಡಿಮೆಯಿಲ್ಲವೆಂದೂ ಬರೆದೆವು.

ಈ ಪಟ್ಟಿಯಂತೆ ನಮ್ಮ ಮನೆಯ ಲೆಕ್ಕವನ್ನು ನಾವೇ ಹಾಕಿದೆವು. ಗ್ರಿಲ್ಲಿನವು ಹದಿನಾಲ್ಕು, ೧,೮೨೦. ಸರಳವಾದವು ಆರು, ೩೯೦. ಬಲೆಗಳು ಹತ್ತು, ೩೦೦. ಒಟ್ಟು ೨,೫೧೦ ರೂಪಾಯಿ. ನಾವು ಒಪ್ಪಿಸಿದ್ದುದು ೫೦೦ಕ್ಕೆ. ಅಂದರೆ ಉಳಿದ ಎರಡು ಸಾವಿರವನ್ನು ನಮ್ಮ ಪರವಾಗಿ ಅವನ ಹೆಂಡತಿಯ ಬಳೆಗಳೂ ಹುಡುಗನ ಮಣಿಕಟ್ಟೂ ತೆತ್ತವು.

ಗಾಜಿನ ಮೇಲಣ ಬಿಳಿಯ ಕಲೆಯ ವಿಷಯ ಬೇರೆ. ೧೯೭೪ರಲ್ಲಿ ಮೊದಲ ಬಾರಿಗೆ ಬೆಂಗಳೂರಿಗೆ ಬಂದ ಕಾವೇರಿ ನೀರು ಮೃದುವಾದುದು. ಕೊಳವೆಬಾವಿಯ ನೀರು ಗಡಸು. ಗಡಸು ನೀರು ಗಾಜಿನ ಮೇಲೆ ಒಣಗಿದಾಗ ಅದರಲ್ಲಿರುವ ಸುಣ್ಣದ ಅಂಶ ಬಿಳಿಯ ಚುಕ್ಕಿಯಾಗಿ ಉಳಿಯುತ್ತದೆ. ಹೊಸದಾದರೆ ವಿನೆಗರ್ ಹಚ್ಚಿ ಕೊಂಚ ಹೊತ್ತು ಬಿಟ್ಟರೆ ಕರಗುವುದು. ವರ್ಷಗಟ್ಟಲೆ ಬಿಟ್ಟರೆ ಗಾಜನ್ನೇ ತಿಂದುಬಿಡುವುದು. ಆದುದರಿಂದ ಇಂಥ ಕಲೆಗೆ ಪಟ್ಟಿಯ ದರ ಹೇಳದೆ, ಒಂದು ಮೂಲೆಯಲ್ಲಿ ಉಜ್ಜಿ ನೋಡಿ, ಹೋಗುವುದೋ ಇಲ್ಲವೋ ಎಂಬುದನ್ನು ತಿಳಿದು, ಬೇರೆ ದರ ಹೇಳತಕ್ಕದ್ದು. ಹೋಗದ ಕಲೆಯನ್ನು ಹೋಗುವುದೆಂದು ಮಾತು ಕೊಡಕೂಡದು. ಕೊಳವೆಬಾವಿಯ ನೀರೇ ಗತಿಯಾದ ಮನೆಯಲ್ಲಿ ಕೊನೆಯ ಒರಸಿಗೆ ಶುದ್ಧೀಕರಿಸಿದ ಕುಡಿಯುವ ನೀರನ್ನು ಒಂದು ಬಾಟಲಿ ಕೇಳಿಕೊಳ್ಳುವುದು ಒಳ್ಳೆಯದು.

ಉಪಕರಣದಲ್ಲಿ ಜಿಪುಣತನ ಸಲ್ಲದು. ಒಂಟಿ ರಬ್ಬರಿನ ಅಲಗುಳ್ಳ ಹಗುರವಾದ ವೈಪರನ್ನು ಅಮೆರಿಕದಲ್ಲಿ ನೆಲಸಿದ್ದ ಎಟ್ಟೋರೆ ಸ್ಟೆಕೋನೆ ಎಂಬ ಇಟಲಿಯವನು ರೂಪಿಸಿ ೧೯೩೬ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಅವನೂ ಕಿಟಕಿ ತೊಳೆಯುವವನೇ. ಆ ರಬ್ಬರಿನ ಅಂಚು ಮೊಂಡಾದರೆ ಗಾಜಿನ ಮೇಲೆ ಗೆರೆ ಬೀಳುತ್ತದೆ. ಗೆರೆಯನ್ನು ಮತ್ತೆ ಒರೆಸಲು ಹಿಡಿಯುವ ಹೊತ್ತಿನ ಬೆಲೆ ಹೊಸ ರಬ್ಬರಿನ ಬೆಲೆಗಿಂತ ಹೆಚ್ಚು. ಬೆಲ್ಟಿನ ಮಾತಂತೂ ಹೇಳಬೇಕಾಗಿಲ್ಲ. ಬೆಲ್ಟಿನ ಹಣ ದರದೊಳಗೇ ಇರಬೇಕು; ಕಟ್ಟಲು ಗಟ್ಟಿಯಾದ ಆಧಾರವಿಲ್ಲದೆಡೆ ಸಜ್ಜದ ಮೇಲೆ ಇಳಿಯಕೂಡದು. ಹಗ್ಗದಲ್ಲಿ ತೂಗಿ ತೊಳೆಯುವ ಎತ್ತರದ ಕಟ್ಟಡಗಳು ಬೇರೆ ತರಬೇತಿಯವರ ಕೆಲಸ. ಎಷ್ಟು ಆಸೆ ತೋರಿಸಿದರೂ ಒಪ್ಪಕೂಡದು. ವರ್ಷಕ್ಕೆ ೨೦ ರೂಪಾಯಿ ಕಟ್ಟಿದರೆ ಅಪಘಾತದಿಂದ ಮರಣವೋ ಪೂರ್ಣ ಅಂಗವಿಕಲತೆಯೋ ಉಂಟಾದಾಗ ಎರಡು ಲಕ್ಷ ರೂಪಾಯಿ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಬ್ಯಾಂಕಿನಲ್ಲಿ ಖಾತೆಯುಳ್ಳ ೧೮ರಿಂದ ೭೦ ವರ್ಷದವರೆಲ್ಲರಿಗೂ ಉಂಟು. ಮುರಿದ ಮಣಿಕಟ್ಟಿನ ಖರ್ಚನ್ನು ಅದು ಕೊಡುವುದಿಲ್ಲ. ಆದರೂ ಇಬ್ಬರ ಹೆಸರಿನಲ್ಲಿಯೂ ಮಾಡಿಸಿದೆವು.

ಇಷ್ಟೆಲ್ಲ ಬರೆದ ಮೇಲೆ ಶಿಷ್ಯನು ಕೇಳಿದ ಪ್ರಶ್ನೆಯೊಂದಿದೆ. "ಪಟ್ಟಿ ಸರಿ, ಮೇಷ್ಟ್ರೇ. ಕೊಡೋರು ಯಾರು?" ಇದು ನ್ಯಾಯವಾದ ಪ್ರಶ್ನೆ. ದರ ಹೇಳುವುದು ಒಂದು ವಿದ್ಯೆಯಾದರೆ, ಅದನ್ನು ಒಪ್ಪಿಸುವುದು ಮತ್ತೊಂದು.

ಒಪ್ಪಿಸುವುದಕ್ಕೆ ಅವನೇ ಒಂದು ಉಪಾಯವನ್ನು ಕಂಡುಕೊಂಡನು; ಅದು ನಮ್ಮ ಬುದ್ಧಿಗೆ ಹೊಳೆಯುವಂಥದಲ್ಲ. ಅಂಗಡಿಗೆ ಹೋಗಿ, ಯಜಮಾನರ ಅಪ್ಪಣೆ ಕೇಳಿ, ಮುಂಭಾಗದ ದೊಡ್ಡ ಗಾಜಿನ ಬಲಗಡೆಯ ಅರ್ಧವನ್ನು ಮಾತ್ರ ಪುಕ್ಕಟೆಯಾಗಿ ತೊಳೆದು, ಅವರನ್ನು ಬೀದಿಗೆ ಕರೆದು ತೋರಿಸುವನು. ಎಡಗಡೆ ಹಾಗೆಯೇ ಇರುವುದು. ಆಮೇಲೆ ದರವನ್ನು ಒಂದು ಸಾರಿ ಹೇಳಿ ಸುಮ್ಮನಿರುವನು. ಮೊದಲು ದರ ಹೇಳಿದ ಉಸಿರಿನಲ್ಲಿಯೇ, "ಹೆಚ್ಚಾಯ್ತು ಅಂದ್ರೆ ಹೇಳಿ ಸಾರ್" ಎನ್ನುವ ಅಭ್ಯಾಸವಿದ್ದಿತು. ಅದನ್ನು ಬಿಡಿಸುವುದಕ್ಕೆ ನಮಗೆ ಎರಡು ಭಾನುವಾರ ಹಿಡಿಯಿತು. ತನ್ನ ದರವನ್ನು ತಾನೇ ಇಳಿಸಿಕೊಳ್ಳುವವನಿಗೆ ಚೌಕಾಸಿಯವನ ಅಗತ್ಯವೇ ಇಲ್ಲ.

ದರ ಹೆಚ್ಚೆಂದವರಿಗೆ ಏನು ಹೇಳಬೇಕು? ದರವನ್ನು ಇಳಿಸದೆ ಕೆಲಸವನ್ನು ಇಳಿಸಬೇಕು. "ಸಾವಿರವೇ ನಿಮ್ಮ ಮಿತಿಯಾದರೆ ಬೀದಿಯ ಕಡೆಯ ಕಿಟಕಿಗಳನ್ನು ಮಾತ್ರ ಮಾಡಿಕೊಡುತ್ತೇನೆ, ಹಿಂದಿನವು ಮುಂದಿನ ಸಲವಾಗಲಿ" ಎಂದರೆ ಕೇಳಿದವರಿಗೂ ಮಾನ, ಹೇಳಿದವನಿಗೂ ಮಾನ. ರಿಯಾಯಿತಿ ಕೊಡಲೇಬಾರದೆಂದು ನಾವು ಹೇಳುವುದಿಲ್ಲ. ಅದಕ್ಕೆ ಲೆಕ್ಕದಲ್ಲಿ ಕಾರಣವಿರಬೇಕು. ನಮ್ಮ ಮುಖ್ಯರಸ್ತೆಯ ಹತ್ತು ಅಂಗಡಿಗಳಿಗೆ ಅವನು ವಾರಕ್ಕೊಮ್ಮೆ ಹೊರಮೈಯನ್ನು ಮಾತ್ರ ತೊಳೆದು, ಒಂದೊಂದರಿಂದ ತಿಂಗಳಿಗೆ ೨೪೦ ರೂಪಾಯಿ ತೆಗೆದುಕೊಳ್ಳುವನು. ಒಂದು ಸಲಕ್ಕೆ ಅರುವತ್ತೇ ಆಯಿತು. ಆದರೆ ಅಲ್ಲಿ ಏಣಿ ಬೇಡ, ಪೆಟ್ರೋಲು ಬೇಡ, ಎರಡನೆಯ ಆಳು ಬೇಡ. ಒಂದು ಅಂಗಡಿಗೆ ಹನ್ನೆರಡು ನಿಮಿಷ, ಪಕ್ಕದ ಅಂಗಡಿಗೆ ಹತ್ತು ಹೆಜ್ಜೆ. ಬೆಳಗ್ಗೆ ಎರಡು ಗಂಟೆಯೊಳಗೆ ಹತ್ತೂ ಮುಗಿಯುವುದು. ಹಬ್ಬವಿರಲಿ ಇಲ್ಲದಿರಲಿ ತಿಂಗಳ ಮೊದಲ ವಾರ ಆ ೨,೪೦೦ ಬಂದೇ ಬರುವುದು. ಮೊಬೈಲ್ ಆ್ಯಪಿನ ಕಂಪನಿಗಳೂ ಕೆಲಸ ತಂದುಕೊಡುತ್ತವೆ, ಕಮಿಷನ್ನು ಹಿಡಿದುಕೊಳ್ಳುತ್ತವೆ. ಅಲ್ಲಿ ದರ ಗೊತ್ತುಮಾಡುವವನು ಕೆಲಸಗಾರನಲ್ಲ. ಬಿಡುವಿನ ದಿನಕ್ಕೆ ಅದು ಆಗಬಹುದು, ಸಂಸಾರಕ್ಕೆಲ್ಲ ಅದನ್ನೇ ನೆಚ್ಚುವುದು ಹಿತವಲ್ಲ.

ಲೆಕ್ಕದ ಪುಸ್ತಕವನ್ನು ಮರೆಯಬಾರದು. ಜುಲೈ ೨೦೨೫ರಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ ಈ ಪೇಟೆಗಳಲ್ಲೆಲ್ಲ ಎಷ್ಟು ಗಾಬರಿಯಾಯಿತೆಂಬುದು ಅನೇಕರ ನೆನಪಿನಲ್ಲಿರಬಹುದು. ಸೇವೆಯ ಕಸುಬಿನವನಿಗೆ ವರ್ಷದ ವಹಿವಾಟು ೨೦ ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನಮ್ಮ ಶಿಷ್ಯನ ವಹಿವಾಟು ಅದರ ಮೂರನೆಯ ಒಂದು ಭಾಗವೂ ಆಗದು. ಆದರೂ ಯಾರು ಕೊಟ್ಟರು, ಏತಕ್ಕೆ ಕೊಟ್ಟರು ಎಂಬುದನ್ನು ದಿನದಿನವೂ ಬರೆದಿಟ್ಟವನಿಗೆ ನೋಟೀಸಿನ ಭಯವಿಲ್ಲ. ಅಣ್ಣ ಕಳುಹಿಸಿದ ಸಾಲದ ಹಣವೂ ಕಿಟಕಿಯ ಹಣವೂ ಒಂದೇ ಫೋನಿಗೆ ಬಂದು ಬೆರೆಯುವ ಈ ಕಾಲದಲ್ಲಿ ಬರಹವೊಂದೇ ಎರಡನ್ನೂ ಬೇರೆಮಾಡಬಲ್ಲುದು.

ಈಗ ಫಲವೇನಾಯಿತೆಂದು ವಾಚಕರು ಕೇಳಬಹುದು. ಹೊಸ ಪಟ್ಟಿಯನ್ನು ಹಿಡಿದು ಹೊರಟ ಮೊದಲ ತಿಂಗಳು ಹಳೆಯ ಮನೆಗಳಲ್ಲಿ ಅರ್ಧಕ್ಕರ್ಧ ಬಿಟ್ಟುಹೋದುವು. ಅವನು ನಿದ್ದೆಗೆಟ್ಟು ಎರಡು ಸ್ಥಳಗಳಲ್ಲಿ ಹಳೆಯ ದರಕ್ಕೇ ಒಪ್ಪಿಕೊಂಡು ಬಂದುದನ್ನು ನಾವು ಬಲ್ಲೆವು. ಹಸಿವಿನ ಮುಂದೆ ಪಟ್ಟಿಯ ಶಕ್ತಿ ಸ್ವಲ್ಪವೇ. ಅದಕ್ಕಾಗಿ ಅವನನ್ನು ಜರೆಯಲಿಲ್ಲ. ಮೂರನೆಯ ತಿಂಗಳಿಗೆ ಅಂಗಡಿಗಳೂ, ಮಿಲ್ಲಿನ ನೆಲದ ಬಹುಮಹಡಿಯಲ್ಲಿ ಕೈಗೆಟಕುವ ಬಾಲ್ಕನಿಗಳೂ ಸೇರಿ ಕೆಲಸ ನೆಲೆಗೊಂಡಿತು. ಹುಡುಗನ ಕೈ ಕೂಡಿಕೊಂಡಿದೆ. ಭಾರ ಎತ್ತಿದಾಗ ನೋಯುವುದಂತೆ. ಎರಡು ಬೆಲ್ಟುಗಳು ಬಂದಿವೆ. ಬಳೆಗಳಲ್ಲಿ ಒಂದು ಬಿಡುಗಡೆಯಾಗಿದೆ, ಇನ್ನೊಂದಕ್ಕೆ ಬಡ್ಡಿ ಕಟ್ಟುತ್ತಿದ್ದಾನೆ.

ಯುಗಾದಿಗೆ ಮತ್ತೆ ನಮ್ಮ ಮನೆಗೆ ಬಂದನು. ಪಟ್ಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಗುರುದಕ್ಷಿಣೆಯೆಂದು ತಿಳಿಯಿರಿ ಎಂದು ಹೇಳಿದನು. ನಾವು ಒಪ್ಪಲಿಲ್ಲ. ಎಲ್ಲ ಕಿಟಕಿಗಳಿಗೂ ಕೊಡುವಷ್ಟು ನಮ್ಮ ಪಿಂಚಣಿ ಆ ತಿಂಗಳು ಅನುಕೂಲವಾಗಿರಲಿಲ್ಲವಾದುದರಿಂದ, ಬೀದಿಯ ಕಡೆಯ ಎಂಟನ್ನು ಮಾತ್ರ ಪಟ್ಟಿಯ ದರಕ್ಕೆ ಮಾಡಿಸಿದೆವು. ಒಳಗಡೆಯ ಕಿಟಕಿಗಳನ್ನು ಮನೆಯವರೂ ನಾವೂ ಹಳೆಯ ಪಂಚೆಯ ಚೂರಿನಲ್ಲಿ ಒರೆಸಿದೆವು. ಗ್ರಿಲ್ಲಿನ ಒಂದು ಕಿಟಕಿಗೆ ನಮ್ಮಿಬ್ಬರಿಗೆ ಹಿಡಿದ ಹೊತ್ತು ಮುಕ್ಕಾಲು ಗಂಟೆ. ಅದರ ಮೇಲೂ ಗೆರೆಗಳು ಉಳಿದುವು.

ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ಅರಿಕೆ ಇಷ್ಟೆ. ತರಕಾರಿಯವಳೊಡನೆ ಚೌಕಾಸಿ ಮಾಡುವಾಗ ಬಾಡುವ ಸೊಪ್ಪಿನ ಮಾತು ಬೇರೆ, ಮೈಬಗ್ಗಿಸಿ ದುಡಿಯುವವನು ದರ ಹೇಳಿದಾಗ ಅದನ್ನು ಕೆಳಗಿಳಿಸುವ ಮೊದಲು, "ಇದರಲ್ಲಿ ಏನೇನು ಸೇರಿದೆ?" ಎಂದು ಒಂದು ಮಾತು ಕೇಳಿರಿ. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು ಜಗುಲಿಯ ಮೇಲೆ ಕೂರಿಸಿಕೊಳ್ಳಿರಿ. ಮೇಲೆ ಹತ್ತುವವನಿಗೆ ಬೆಲ್ಟಿದೆಯೇ ಎಂದು ಕೇಳುವುದು ಮನೆಯ ಯಜಮಾನನ ಕರ್ತವ್ಯವೆಂದೇ ತಿಳಿಯತಕ್ಕದ್ದು. ಬೆಲ್ಟಿಲ್ಲವೆಂದರೆ ಆ ಕಿಟಕಿ ಧೂಳಾಗಿಯೇ ಇರಲಿ.

ಹೊಲಿಗೆ, ಅಡಿಗೆ, ಬಡಗಿ, ಬಣ್ಣದ ಕೆಲಸಗಳಲ್ಲಿ ಸ್ವಂತವಾಗಿ ತೊಡಗಿರುವ ವಾಚಕರು ತಮ್ಮ ಕಸುಬಿನ ಲೆಕ್ಕವನ್ನು ಮೇಲೆ ಹೇಳಿದ ರೀತಿಯಲ್ಲಿ ಹಾಕಿ, ಗಂಟೆಗೆ ಎಷ್ಟು ಬರಬೇಕು, ಎಷ್ಟು ಬರುತ್ತಿದೆ ಎಂಬ ಎರಡು ಅಂಕಿಗಳನ್ನು ನಮಗೆ ಬರೆದು ತಿಳಿಸಿದರೆ, ಹೆಸರುಗಳನ್ನು ಬಿಟ್ಟು ಮುಂದಿನ ಸಂಚಿಕೆಗಳಲ್ಲಿ ವಿಚಾರಿಸಲು ಸಿದ್ಧರಿದ್ದೇವೆ.